ತ್ವಾಳದವ್ವನ ಕೊರಳ ಸರ

ನನ್ನ ಸಿಟ್ಟಿನ ಬಗ್ಗೆ ನಮ್ಮ ಕಾಲೇಜಿನಲ್ಲಿ ಒಂದು ಮಾತಿದೆ. ಮೇಡಂ ಕೈಯಲ್ಲಿ ಚಾಕ್‌ಪೀಸ್ ಮುರಿಯಿತೆಂದರೆ ಆ ಪೀರಿಯಡ್ ಮುಗಿಯುವವರೆಗೆ ಯಾರೂ ಕೆಮ್ಮಬಾರದು ಅಂತ. ಸುಳ್ಳಲ್ಲ. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡೇ ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಆದರೆ ಈಗ ಹೇಳಹೊರಟಿರುವ ಸಿಟ್ಟು ಅಂಥದ್ದಲ್ಲ. ಇದು ಕಮಲಾಪುರದ ಒಂದು ತೊಗರಿ ಹೊಲದ ಬದುವಿನಲ್ಲಿ, ಬೇವಿನ ಗಿಡಕ್ಕೆ ತಂತಿಯಿಂದ ಬಿಗಿದಿದ್ದ ಲ್ಯಾಮಿನೇಟ್ ಮಾಡಿದ ಹಾಳೆಯೊಂದನ್ನು ಓದುತ್ತ ನಿಂತಾಗ ಬಂದದ್ದು. ಹಾಳೆಯ ಮೇಲಿದ್ದ ಒಂದೊಂದು ವಾಕ್ಯವೂ ನನ್ನದೇ ಆಗಿತ್ತು.

ಅದಕ್ಕೆ ಎರಡು ದಿನ ಮೊದಲು ಒಂದು ಫೋನ್ ಬಂದಿತ್ತು. ಗೊತ್ತಿಲ್ಲದ ನಂಬರು, ವಯಸ್ಸಾದ ಹೆಂಗಸಿನ ದನಿ. ಗುಲಬರ್ಗಾದ ಕಾಲೇಜಿನಲ್ಲಿ ಇತಿಹಾಸ ಕಲಿಸುವವರು ನೀವೇ ಏನು ಅಂತ ಕೇಳಿದರು. ಹೌದು ಅಂದೆ. ಕಮಲಾಪುರದ ಕಲ್ಲಿನ ಬಗ್ಗೆ ಬರೆದವರು ನೀವೇ ಏನು ಅಂತ ಕೇಳಿದರು. ಅದಕ್ಕೂ ಹೌದು ಅಂದೆ, ಸ್ವಲ್ಪ ಹೆಮ್ಮೆಯಿಂದಲೇ ಅಂದಿರಬೇಕು.

"ನೀವು ಬರ್ದದ್ದಕ್ಕ ನನ್ನ ಹೊರಗ ನಿಲ್ಸ್ಯಾರ್ರೀ ಬಾಯಾರ. ಬಂದು ಕಣ್ಣಿಲೆ ನೋಡ್ರಿ," ಅಂದು ಫೋನ್ ಇಟ್ಟುಬಿಟ್ಟರು.

ಯಾರೆಂದು ನೆನಪಾಗಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಿತು. ಆಯಿ. ಆ ಕಲ್ಲಿಗೆ ಎಣ್ಣೆ ಹಚ್ಚುವ ಮನೆಯವರು. ಹಿಂದೆ ಯಾವುದೋ ಕಾಲದಲ್ಲಿ ನಾನು ಕ್ಯಾಮೆರಾ ಹಿಡಿದುಕೊಂಡು ಹೋದಾಗ ಅವರ ಕೂದಲು ಇನ್ನೂ ಅರ್ಧ ಕಪ್ಪಿತ್ತು.

ಕಲ್ಲು ಸೊಂಟದೆತ್ತರದ್ದು, ಎಣ್ಣೆ ಕುಡಿದು ಕುಡಿದು ಕರ್ರಗಾದದ್ದು. ಅದರಲ್ಲಿ ನಿಂತ ಒಬ್ಬ ಹೆಣ್ಣುಮಗಳು, ಬಲಗೈ ಮೇಲೆತ್ತಿದ್ದಾಳೆ. ಊರ ಹೊರಗಿನ ಓಣಿಯ ಜನ ಅವಳನ್ನು ತ್ವಾಳದವ್ವ ಅನ್ನುತ್ತಾರೆ. ಹೊಲ ಯಾರದೋ, ಆದರೆ ಆ ಬದುವಿನ ಮೇಲಿನ ಕಲ್ಲು ಆಯಿಯ ಮನೆತನದ್ದು. ಎಳ್ಳ ಅಮಾವಾಸ್ಯೆ ದಿನ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಆ ಅಡುಗೆಯನ್ನೇ ಚರಗ ಅಂತ ಬೆಳೆಗೆ ಚೆಲ್ಲುತ್ತಾರಲ್ಲ, ಅವತ್ತು ಆಯಿಯ ಮನೆಯ ಚರಗದ ಮೊದಲ ತುತ್ತು ಈ ಕಲ್ಲಿಗೆ. ಅದಕ್ಕೆ ನಾಲ್ಕು ದಿನ ಮೊದಲು ಕಲ್ಲಿಗೆ ಸ್ನಾನ, ಆಮೇಲೆ ಎಣ್ಣೆ. ಅವರ ಅತ್ತೆ ಮಾಡಿದರು, ಅತ್ತೆಯ ಅತ್ತೆ ಮಾಡಿದರು. ಊರಲ್ಲಿ ಅವರನ್ನು ಯಾವ ಗುಡಿಯ ಹೊಸ್ತಿಲೂ ದಾಟಗೊಡದ ಕಾಲದಲ್ಲೂ ಈ ಕಲ್ಲಿನ ಹತ್ತಿರ ಹೋಗಬೇಡ ಅಂತ ಅವರಿಗೆ ಯಾರೂ ಅಂದಿರಲಿಲ್ಲ.

ಈಗ ಅಂದಿದ್ದರು. ಊರಿನ ನಾಲ್ಕು ದೊಡ್ಡ ಮನೆಯವರು ಸೇರಿ ಒಂದು ಕಮಿಟಿ ಮಾಡಿಕೊಂಡಿದ್ದರು. ಕಲ್ಲಿನ ನಾಲ್ಕೂ ಮೂಲೆಗೆ ಸಿಮೆಂಟಿನ ಕಂಬ ಎದ್ದಿದ್ದವು. ಸುತ್ತ ಕಬ್ಬಿಣದ ಜಾಲರಿ, ಅದಕ್ಕೊಂದು ಬಾಗಿಲು, ಬಾಗಿಲಿಗೆ ಬೀಗ. ಮೇಲೊಂದು ಬೋರ್ಡು, ಶ್ರೀ ರಾಣಿಯಮ್ಮ ದೇವಿ ಅಂತ. ಅಮಾವಾಸ್ಯೆಗೆ ಹದಿನೈದು ದಿನವೂ ಉಳಿದಿರಲಿಲ್ಲ. ಈ ಸಲ ಮೊದಲ ಚರಗ ಕಮಿಟಿಯ ಹಿರಿಯರದ್ದಂತೆ. ಪೂಜೆಗೆ ಬೇರೆ ಊರಿನಿಂದ ಒಬ್ಬರನ್ನು ಗೊತ್ತು ಮಾಡಿದ್ದರಂತೆ. ಆಯಿ ಜಾಲರಿಯ ಆಚೆ ನಿಂತು ಕೈಮುಗಿಯಬಹುದಂತೆ. ಯಾಕೆಂದರೆ ಕಲ್ಲಿನಲ್ಲಿರುವವಳು ರಾಣಿ, ಅವರ ಓಣಿಯವಳಲ್ಲ. ಯಾರು ಹೇಳಿದರು? ಗಿಡಕ್ಕೆ ಕಟ್ಟಿದ ಹಾಳೆ ಹೇಳಿತು. ಹಾಳೆಯ ಕೆಳಗೆ ನನ್ನ ಹೆಸರು, ನನ್ನ ಡಿಗ್ರಿ, ನನ್ನ ಕಾಲೇಜು.

ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಬೈಕಿನ ಮೇಲೆ ಬಂದವನು ನನ್ನದೇ ಹಳೆಯ ವಿದ್ಯಾರ್ಥಿ, ಈಗ ಆ ಕಮಿಟಿಯ ಸೆಕ್ರೆಟರಿ. ಇಳಿದವನೇ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟಿದ್ದೆ ಅಂದ. ನನ್ನ ಲೇಖನ ಇರದಿದ್ದರೆ ಇದು ಬರೀ ಎಣ್ಣೆ ಕಲ್ಲಾಗಿ ಉಳಿಯುತ್ತಿತ್ತು ಅಂದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ನೂರಾರು ವರ್ಷದ ಹಕ್ಕನ್ನು ಒಂದು ಹಾಳೆ ಕಟ್ಟಿ ಕಿತ್ತುಕೊಳ್ಳುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಅಂತ ರೇಗಿದೆ. ಅವನು ತಲೆ ತಗ್ಗಿಸಿದ, ಆದರೆ ಉತ್ತರ ಬಿಡಲಿಲ್ಲ.

"ಅರಮನಿ ಹೆಣ್ಣಮಗಳು ಅಂತ ನೀವೇ ಬರ್ದೀರಲ್ರೀ ಮೇಡಂ."

ಬರೆದಿದ್ದೆ. ಮುಚ್ಚುಮರೆ ಏನು? ಆ ಲೇಖನದ ಬಗ್ಗೆ ನನಗೆ ಬಹಳ ಅಭಿಮಾನವಿತ್ತು. ಆ ವರ್ಷ ವಿದ್ಯಾರ್ಥಿಗಳನ್ನು ಒಂದು ಶನಿವಾರ ಕೋಟೆಗೆ ಕರೆದುಕೊಂಡು ಹೋಗಿ ಜಾಮಿ ಮಸೀದಿಯ ಕಮಾನುಗಳನ್ನು ತೋರಿಸಿದ್ದೆ, ಅಲ್ಲಿಂದ ಬಹುಮನಿ ಸುಲ್ತಾನರ ಗುಮ್ಮಟಗಳಿಗೆ. ಮುಂದಿನ ಶನಿವಾರ ಕಮಲಾಪುರದ ಈ ಕಲ್ಲಿಗೆ. ಎರಡೂ ಕಾಲದ ಕಲೆಯನ್ನು ಎದುರು ಬದುರು ಇಟ್ಟು ನೋಡಿ, ಆಗಿನ ಸಮಾಜ ಎಂಥದ್ದಿತ್ತು ಅಂತ ಹೇಳಿ ಅಂದಿದ್ದೆ. ಅವರು ಹೇಳಲಿಲ್ಲ, ನಾನೇ ಬರೆದೆ. ಕಲ್ಲಿನ ಹೆಣ್ಣಿನ ಕೊರಳಲ್ಲಿ ಮೂರೆಳೆಯ ಸರವಿದೆ. ಸೊಂಟಕ್ಕೆ ಅಗಲವಾದ ಪಟ್ಟಿ. ಎತ್ತಿದ ಕೈಯಲ್ಲಿ ಕನ್ನಡಿ. ಆದ್ದರಿಂದ ಇವಳು ಸಿರಿವಂತ ಮನೆತನದವಳು, ಬಹುಶಃ ರಾಣಿವಾಸದವಳು, ಗಂಡನ ಜೊತೆ ಚಿತೆಯೇರಿದವಳು, ಇದು ಮಾಸ್ತಿಕಲ್ಲು. ಸರದ ಎಳೆಗಳನ್ನು ನೋಡಿದರೆ ಕಲ್ಯಾಣದ ಚಾಲುಕ್ಯರ ಕಾಲದ್ದು. ಇತ್ತ ಗುಮ್ಮಟಗಳಲ್ಲಿ ಮನುಷ್ಯರ ರೂಪವೇ ಇಲ್ಲ, ಬಳ್ಳಿಯಿದೆ, ಹೂವಿದೆ, ಗಚ್ಚಿನಲ್ಲಿ ತಿದ್ದಿದ ದುಂಡು ಪದಕಗಳಿವೆ. ಒಂದು ಕಡೆ ರೂಪ, ಇನ್ನೊಂದು ಕಡೆ ಅಲಂಕಾರ, ಆದರೆ ಎರಡೂ ಕಾಲದಲ್ಲಿ ಕಲೆ ಅನ್ನುವುದು ಅರಮನೆ ತನ್ನ ಬಗ್ಗೆ ತಾನೇ ಬರೆದುಕೊಂಡ ಪತ್ರ. ಈ ಕೊನೆಯ ವಾಕ್ಯವನ್ನು ಬರೆದು ನಾನು ಎದ್ದು ಕನ್ನಡಿಯ ಮುಂದೆ ನಿಂತು ಓದಿಕೊಂಡಿದ್ದು ನೆನಪಿದೆ. ಓದಿ ಓದಿ ಮರುಳಾದವರನ್ನು ಬೇರೆಲ್ಲೂ ಹುಡುಕಬೇಕಿರಲಿಲ್ಲ.

ಆಯಿ ಸ್ವಲ್ಪ ದೂರದಲ್ಲಿ ಬದುವಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ಹತ್ತಿರ ಹೋದೆ. ಕೂಡ್ರಿ ಅನ್ನಲಿಲ್ಲ. ನಾನೇ ಕೂತೆ. ಕಮಿಟಿಯವರ ಜೊತೆ ಮಾತಾಡುತ್ತೇನೆ ಆಯಿ ಅಂದೆ. ಅವರು ನನ್ನನ್ನು ನೋಡದೆ, ರಾಣಿ ಅಂತ ನಿಮಗ ಯಾರು ಹೇಳಿದರು ಅಂತ ಕೇಳಿದರು. ನಾನು ಸರದ ಮಾತು ಎತ್ತಿದೆ, ಮೂರೆಳೆ, ಅದರ ಶೈಲಿ, ಅದರ ಕಾಲ.

"ಆ ಸರ ನನ್ನ ಗಂಡ ಹಚ್ಚಿದ್ದು ರೀ," ಅಂದರು ಆಯಿ. "ಕಾರಹುಣ್ಣಿಮಿ ದಿನ ಎತ್ತಿನ ಕೋಡಿಗಿ ಹಚ್ಚಿ ಉಳಿದದ್ದು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಯಿ ಬಿಡಿಸಿ ಹೇಳಿದರು. ಅವರ ಗಂಡ ದೊಡ್ಡ ಮನೆಯೊಂದರಲ್ಲಿ ಸಂಬಳಕ್ಕಿದ್ದರು. ಕಾರಹುಣ್ಣಿಮೆಗೆ ಆ ಮನೆಯ ಎತ್ತುಗಳ ಕೋಡಿಗೆ ಬಣ್ಣ ಹಚ್ಚುವುದು ಅವರ ಕೆಲಸ. ಡಬ್ಬಿಯ ತಳದಲ್ಲಿ ಉಳಿದ ಬಣ್ಣವನ್ನು ಸಂಜೆ ತಂದು ತ್ವಾಳದವ್ವನಿಗೆ ಹಚ್ಚುತ್ತಿದ್ದರು. ಹಳದಿ ಉಳಿದರೆ ಹಳದಿ ಸರ, ಕೆಂಪು ಉಳಿದರೆ ಕೆಂಪು ಸರ. ಒಂದು ವರ್ಷ ಮೂರು ಡಬ್ಬಿ ಉಳಿದಿದ್ದವು, ಮೂರು ಎಳೆಯಾಯಿತು. ಸೊಂಟದ ಪಟ್ಟಿಯೂ ಹಾಗೆಯೇ ಬಂದದ್ದು. ನಾನು ಫೋಟೊ ತೆಗೆದದ್ದು ಆ ವರ್ಷವೇ ಇರಬೇಕು.

ಕಲ್ಯಾಣದ ಚಾಲುಕ್ಯರ ಕಾಲದ ಸರ! ಎತ್ತಿನ ಕೋಡಿನ ಪೇಂಟಿಗೆ ನಾನು ಶತಮಾನ ಕಟ್ಟಿದ್ದೆ. ಯಾರಾದರೂ ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಪೇಪರನ್ನು ಮುಖದ ಮೇಲೆ ಬಿಸಾಡುತ್ತಿದ್ದೆ.

ಕೈಯಲ್ಲಿರುವುದು ಏನು ಅಂತ ಕೇಳಿದೆ. ಕುಡಗೋಲು ಅಂದರು. ಕಲ್ಲಿನವಳು ತೊಗರಿ ಕೊಯ್ಯಲು ಬಂದಿದ್ದಳು, ಬದುವಿನಲ್ಲಿ ಮಲಗಿಸಿದ್ದ ಕೂಸನ್ನು ತೋಳ, ಆಯಿಯ ಬಾಯಲ್ಲಿ ತ್ವಾಳ, ಕಚ್ಚಿಕೊಂಡಿತು. ಕುಡಗೋಲು ಬೀಸಿ ಕೂಸನ್ನು ಬಿಡಿಸಿದಳು, ತಾನು ಉಳಿಯಲಿಲ್ಲ. ಆ ಕೂಸಿನ ವಂಶವೇ ತಾವು ಅಂದರು. ಆಮೇಲೆ, ಇದನ್ನು ನಿಮಗೆ ಅವತ್ತೂ ಹೇಳಿದ್ದೆ ಅಂದರು.

ಎದ್ದು ಹೋಗಿ ಹಾಳೆಯನ್ನು ಮತ್ತೆ ಓದಿದೆ. ಇತ್ತು. ಎರಡನೆಯ ಪ್ಯಾರಾದ ಕೊನೆಗೆ ನನ್ನದೇ ವಾಕ್ಯ: ಈ ಕಲ್ಲಿನ ಬಗ್ಗೆ ಸ್ಥಳೀಯರಲ್ಲಿ ಆಧಾರವಿಲ್ಲದ ಕಥೆಗಳು ಪ್ರಚಲಿತವಿವೆ. ಎಣ್ಣೆ ಹಚ್ಚುವ ಮನೆಯ ಹೆಣ್ಣುಮಗಳು ನಿಂತು ಹೇಳಿದ್ದು ಆಧಾರವಿಲ್ಲದ್ದು, ನಾನು ದೂರದಿಂದ ನೋಡಿದ ಪೇಂಟು ಆಧಾರ. ಥೂ ನನ್ನ ವಿದ್ಯೆಯೇ ಅನಿಸಿತು.

ದೂರದಿಂದ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಗುಲಬರ್ಗಾದ ರೋಜಾದಲ್ಲಿ ಹುಟ್ಟಿ ಬೆಳೆದವಳು, ದರ್ಗಾದ ಹಿಂದಿನ ಗಲ್ಲಿ. ಮನೆಯಲ್ಲಿ ದಖನಿ ಮಾತು. ಇನ್ನೊಬ್ಬರ ದೇವರ ಹತ್ತಿರ ಹೋದರೆ ಚಪ್ಪಲಿ ದೂರ ಬಿಡಬೇಕು, ತಲೆ ತುಂಬ ಸೆರಗು ಹೊದೆಯಬೇಕು, ಕರೆಯದೆ ಮುಂದೆ ಹೋಗಬಾರದು, ಏನನ್ನೂ ಮುಟ್ಟಬಾರದು ಅಂತ ನಮ್ಮ ಅಮ್ಮಿ ಚಿಕ್ಕಂದಿನಿಂದ ಕಲಿಸಿದ್ದಳು. ಉರುಸಿಗೆ ಬರುವ ಎಲ್ಲ ಜಾತಿಯ ಜನ ನಮ್ಮ ಬಾಗಿಲಲ್ಲಿ ನೀರು ಕುಡಿದು ಹೋಗುವುದನ್ನು ನೋಡಿದವಳಿಗೂ ಆ ಅಂಜಿಕೆ ಇದ್ದೇ ಇತ್ತು. ಹಾಗಾಗಿ ಅವತ್ತು ಕಲ್ಲಿನಿಂದ ಹತ್ತು ಹೆಜ್ಜೆ ದೂರ ನಿಂತೆ. ಬರ್ರಿ ಹತ್ತಿರ, ನೋಡ್ರಿ ಅಂತ ಆಯಿ ಕರೆದಿದ್ದರು. ಬೇಡ ಬೇಡ, ಇಲ್ಲಿಂದಲೇ ಕಾಣುತ್ತದೆ ಅಂದಿದ್ದೆ. ಅದನ್ನು ಮರ್ಯಾದೆ ಅಂದುಕೊಂಡಿದ್ದೆ.

ಮನೆಗೆ ಬಂದು ಅಬ್ಬಾನ ಮುಂದೆ ಎಲ್ಲ ಹೇಳಿದೆ. ನಮ್ಮ ಅಬ್ಬಾ ಗಚ್ಚಿನ ಕೆಲಸದವರು. ಹಳೆಯ ಗುಮ್ಮಟಗಳ, ಮಸೀದಿಗಳ ಬಿರುಕಿಗೆ ಸುಣ್ಣದ ಗಚ್ಚು ತುಂಬುವುದು, ಉದುರಿದ ಹೂಬಳ್ಳಿ ತಿದ್ದುವುದು ಇದೇ ಅವರ ಜೀವಮಾನದ ಕೆಲಸ. ಈಗ ಎಂಬತ್ತು ದಾಟಿದೆ, ಕೈ ನಡುಗುತ್ತದೆ, ಬಾಯಿ ನಡುಗುವುದಿಲ್ಲ. ಪೂರ್ತಿ ಕೇಳಿ, ಮುಟ್ಟಿ ನೋಡಿದ್ದೆಯಾ ಅಂದರು. ಇಲ್ಲ ಅಂದೆ. ಹಣೆ ಚಚ್ಚಿಕೊಂಡರು.

"ಊಪರ್ ಕಾ ನಕ್ಕೊ ದೇಖ್, ಅಂದರ್ ಕಾ ದೇಖ್. ಇತ್ತಾ ಬೋಲ್ಯಾ ತುಜೆ ಬಚ್‌ಪನ್ ಸೇ."

ಮೇಲಿನದನ್ನು ನೋಡಬೇಡ, ಒಳಗಿನದನ್ನು ನೋಡು. ಹೌದು, ಚಿಕ್ಕಂದಿನಿಂದ ಹೇಳಿದ್ದರು. ಯಾವ ಗೋಡೆಗೂ ಒಂದೇ ಪದರವಿರುವುದಿಲ್ಲ, ಕೈಯಾಡಿಸಿದರೆ ಗೊತ್ತಾಗುತ್ತದೆ ಎಲ್ಲಿ ಹಳೆಯದು ಮುಗಿಯಿತು, ಎಲ್ಲಿ ಹೊಸದು ಶುರುವಾಯಿತು ಅಂತ. ಒಮ್ಮೆ, ನಾನು ಐದನೆಯದೋ ಆರನೆಯದೋ ಓದುತ್ತಿದ್ದಾಗ, ಊರಾಚೆಯ ಹೆಸರಿಲ್ಲದ ಒಂದು ಗುಮ್ಮಟದಲ್ಲಿ ಕೆಲಸ ನಡೆದಿತ್ತು. ಅಬ್ಬಾ ನನ್ನನ್ನು ಹಲಗೆಯ ಮೇಲೆ ಹತ್ತಿಸಿ ಕಮಾನಿನ ಹಿಂಬದಿ ತೋರಿಸಿದ್ದರು. ಮುಂದುಗಡೆ ಬೆಣ್ಣೆಯಂಥ ನುಣುಪು, ಹೂವು, ಬಳ್ಳಿ. ಹಿಂದೆ, ಯಾರ ಕಣ್ಣೂ ಬೀಳದ ಕಡೆ, ಹಸಿ ಗಚ್ಚಿನಲ್ಲಿ ಒತ್ತಿಹೋದ ಒಂದು ಅಂಗೈ. ಸಣ್ಣ ಕೈ. ಮಣಿಕಟ್ಟಿನ ಹತ್ತಿರ ಬಳೆಯ ಗುರುತು, ಎರಡು ಗೆರೆ. ಗಚ್ಚು ಹೊತ್ತು ತಂದ ಹೆಂಗಸು ಜೋಲಿ ತಪ್ಪಿ ಕೈಯೂರಿರಬೇಕು ಅಂದಿದ್ದರು ಅಬ್ಬಾ. ಕೆಳಗೆ ನಮ್ಮ ಅಮ್ಮಿ ಸುಣ್ಣ ಜರಡಿ ಹಿಡಿಯುತ್ತಿದ್ದಳು, ಕೈ ಮೊಣಕೈವರೆಗೂ ಬೆಳ್ಳಗೆ. ನಾನು ಆ ಗುರುತಿನಲ್ಲಿ ನನ್ನ ಕೈಯಿಟ್ಟು ನೋಡಿದ್ದೆ.

ಲೇಖನ ಬರೆಯುವಾಗ ಆ ಕೈ ನೆನಪಾಗಿರಲಿಲ್ಲ ಅಂತ ಹೇಳಲಾರೆ. ನೆನಪಾಗಿತ್ತು. ಅದು ಕಲೆಯಲ್ಲ ಅಂತ ಬಿಟ್ಟಿದ್ದೆ. ಸುಲ್ತಾನರ ಪದಕ ಎಣಿಸಿದೆ, ಕೂಲಿಯವಳ ಅಂಗೈ ಬಿಟ್ಟೆ. ಅಲ್ಲಿ ಬಿಟ್ಟವಳು ಕಮಲಾಪುರದಲ್ಲೂ ಬಿಟ್ಟೆ. ನಮ್ಮ ಅಮ್ಮಿಯ ಮಗಳಾಗಿ ನಾನು ಹೀಗೆ ಬರೆದೆನಲ್ಲ ಅನ್ನುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ಕಮಿಟಿಯವರ ಮೇಲಿನ ಸಿಟ್ಟಾದರೂ ಬೈದರೆ ಇಳಿಯುತ್ತಿತ್ತು.

ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಆಯಿ ಕಲ್ಲಿಗೆ ಸ್ನಾನ ಮಾಡಿಸುವ ದಿನ. ಅವತ್ತು ಬಣ್ಣದ ಕೆಳಗೆ ಏನಿದೆ ನೋಡೋಣ ಅಂತ ಅಬ್ಬಾನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರ ಬಂದಾಗ ಅಬ್ಬಾ ಕೆಂಪು ಬಾಳೆಹಣ್ಣು ತಗೋ ಅಂದರು. ಮೊದಲೇ ಫೋನ್ ಮಾಡಿದ್ದೆ, ಸೆಕ್ರೆಟರಿ ಬೀಗದ ಕೈ ಹಿಡಿದು ನಿಂತಿದ್ದ, ಜೊತೆಗೆ ಕಮಿಟಿಯ ಇಬ್ಬರು ಹಿರಿಯರು. ಬೀಗ ತೆಗೆ ಅಂದೆ. ಅವನು ಹಿರಿಯರ ಮುಖ ನೋಡಿದ. ಕ್ಲಾಸಿನಲ್ಲಿ ಕೇಳುವ ದನಿಯಲ್ಲಿ ಇನ್ನೊಮ್ಮೆ ಅಂದೆ. ತೆಗೆದ.

ಹಿರಿಯರಲ್ಲಿ ಒಬ್ಬರು ಅಬ್ಬಾನ ಟೋಪಿ ನೋಡಿ, ಇವರು ಯಾಕೆ ಬಂದಾರ ಅಂತ ಕೇಳಿದರು. ಇವರು ಕಲ್ಲು ಸುಣ್ಣದ ಜೊತೆ ಅರವತ್ತು ವರ್ಷ ಬಾಳಿದವರು, ನೀವು ಸಿಮೆಂಟು ಸುರಿದವರು, ಅದಕ್ಕೆ ಬಂದಿದ್ದಾರೆ ಅಂದೆ. ಅಬ್ಬಾ ಜಾಲರಿಯ ಹೊರಗೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. ಒಳಗೆ ಆಯಿ ಒಬ್ಬರೇ. ಬಿಸಿನೀರು, ಸೀಗೆಕಾಯಿ ಪುಡಿ, ಗೋಣಿತಟ್ಟಿನ ತುಂಡು. ಪ್ರತಿ ವರ್ಷ ಅವರು ಮಾಡುವುದೇ ಅದು. ಈ ಸಲ ಅಬ್ಬಾ ಹೇಳಿದ್ದು ಇಷ್ಟೇ: ಕಬ್ಬಿಣ ತಾಗಿಸಬೇಡಿ, ನೀರು ಒಳಗಿಳಿಯುವವರೆಗೆ ಕಾಯಿರಿ, ಆಮೇಲೆ ಉಗುರಿನಿಂದ ಎಬ್ಬಿಸಿ. ಎಣ್ಣೆಯ ಮೇಲೆ ಹಚ್ಚಿದ ಬಣ್ಣ ಎಂದೂ ಕಲ್ಲು ಹಿಡಿದಿರುವುದಿಲ್ಲವಂತೆ.

ಹಿಡಿದಿರಲಿಲ್ಲ. ಈರುಳ್ಳಿಯ ಸಿಪ್ಪೆಯ ಹಾಗೆ ಏಳತೊಡಗಿತು. ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಹಳದಿ. ಒಂದೊಂದು ಬಣ್ಣ ಎದ್ದಾಗಲೂ ಆಯಿ, ಇದು ಮನೆಯವರು ತೀರಿಕೊಂಡ ಹಿಂದಿನ ವರ್ಷದ್ದು, ಇದು ಹಿರೀ ಮಗಳು ಹುಟ್ಟಿದ ವರ್ಷದ್ದು ಅಂತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಗಂಡ ಹಚ್ಚಿದ ಬಣ್ಣವನ್ನು ತಮ್ಮ ಕೈಯಿಂದಲೇ ಕೀಳುತ್ತಿದ್ದಾರೆ ಅನ್ನುವುದು ಆಗ ನನಗೆ ಹೊಳೆಯಿತು. ಸಾಕು ಆಯಿ ಅಂದೆ. ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಲ್ಲು ಬರಿ ಕಲ್ಲಾಯಿತು. ಕೊರಳು ಬೋಳು. ಒಂದು ಎಳೆಯೂ ಇಲ್ಲ, ಒಂದು ಮಣಿಯೂ ಇಲ್ಲ. ಸೊಂಟಕ್ಕೆ ಪಟ್ಟಿಯಿಲ್ಲ, ಎತ್ತಿ ಸಿಕ್ಕಿಸಿದ ಸೀರೆಯ ಗಂಟಿದೆ. ಎತ್ತಿದ ಕೈಯಲ್ಲಿ ಬಳೆಯಿಲ್ಲ, ಕುಡಗೋಲಿದೆ. ನಾನು ಕನ್ನಡಿ ಅಂದದ್ದು ಅದರ ಬಾಗು. ಕಾಲ ಬುಡದ ಮಣ್ಣನ್ನು ಆಯಿ ಕೈಯಿಂದ ಬಗೆದರು. ಬಾಯ್ತೆರೆದ ತೋಳ ಕಂಡಿತು, ಅದರ ಮೂತಿಯ ಮುಂದೆ ಮುಷ್ಟಿಯಷ್ಟು ದೊಡ್ಡ ಒಂದು ಉಬ್ಬು, ಕೈಕಾಲು ಗೀರಿದ್ದು. ಕೂಸು.

ಶಿಲ್ಪ ಚೆನ್ನಾಗಿರಲಿಲ್ಲ. ಕಾಲು ಗಿಡ್ಡ, ಕೈ ದೊಡ್ಡದು, ಮುಖ ಸೊಟ್ಟ. ಅಬ್ಬಾ ಕುರ್ಚಿಯಿಂದ ಬಗ್ಗಿ ಬಹಳ ಹೊತ್ತು ಉಳಿಯ ಪೆಟ್ಟುಗಳನ್ನು ನೋಡಿದರು. ಇದು ಮೂರ್ತಿ ಕಡೆಯುವವನ ಕೈಯಲ್ಲ, ಬೀಸುಕಲ್ಲಿಗೆ ಹಲ್ಲು ಹೊಡೆಯುವವನ ಕೈ ಅಂದರು. ಮನೆ ಮನೆಗೆ ಹೋಗಿ ಬೀಸುಕಲ್ಲು, ಒರಳು ಹಲ್ಲು ಮಾಡಿಕೊಡುವವನು ಬೇರೇನೂ ಬರದಿದ್ದರೂ ಕೂತು ಕಡೆದಿದ್ದ. ಅರಮನೆಗೆ ಅಂಥವನ ಕೈ ಯಾಕೆ ಬೇಕು? ಇದನ್ನು ಕಡೆಸಿದವರ ಹತ್ತಿರ ಅವನಿಗಿಂತ ದೊಡ್ಡ ಶಿಲ್ಪಿಯನ್ನು ಕರೆಸುವ ಶಕ್ತಿ ಇರಲಿಲ್ಲ. ಆದರೂ ಕಡೆಸಿದರು. ಗುಮ್ಮಟದಲ್ಲಿ ರಾಜ ತನಗೆ ಬೇಕಾದದ್ದನ್ನು ಮುಂದೆ ಬರೆಸಿದ, ಕೂಲಿಯವಳ ಕೈ ಅರಿಯದೆ ಹಿಂದೆ ಬಿತ್ತು. ಇಲ್ಲಿ ಕೂಲಿಯ ಜನ ತಮ್ಮವಳನ್ನು ತಾವೇ ಬೇಕೆಂದು ಮುಂದೆ ನಿಲ್ಲಿಸಿದ್ದರು. ಇಷ್ಟನ್ನು ನಾನು ಆ ವರ್ಷ ಬರೆಯಬೇಕಿತ್ತು.

ಜಾಲರಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಆಗಲೂ ಒಳಗೆ ಹೋಗಿರಲಿಲ್ಲ. ಆಯಿ ಎದ್ದು ಬಂದು ಒದ್ದೆ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದರು, ಎಳೆದುಕೊಂಡು ಹೋಗಿ ನನ್ನ ಅಂಗೈಯನ್ನು ಕಲ್ಲಿನ ಕೊರಳ ಮೇಲೆ ಇಟ್ಟರು.

"ಅವತ್ತ ಮುಟ್ಟಿದ್ರ ನಾ ಬ್ಯಾಡ ಅಂತಿದ್ದೆನೇನ್ರೀ? ನಮ್ಮನ್ನ ಮುಟ್ಟಲಾರದವರು ಊರ ತುಂಬ ಅದಾರ. ನೀವೂ ಅವರಂಗ ದೂರ ನಿಂತ್ರಿ."

ಇಷ್ಟು ವರ್ಷ ನಾನು ಮರ್ಯಾದೆ ಅಂದುಕೊಂಡದ್ದನ್ನು ಅವರು ಇಷ್ಟು ವರ್ಷ ಮೈಲಿಗೆ ಅಂದುಕೊಂಡಿದ್ದರು. ನಮ್ಮ ಮನೆಯಲ್ಲಿ ಹಾಗೆ ಕಲಿಸಿದ್ದರು ಆಯಿ, ನಿಮ್ಮ ಕಾರಣಕ್ಕಲ್ಲ, ದೇವರ ಕಾರಣಕ್ಕೆ ಅಂತ ತೊದಲಿದೆ. ಆಯಿ ಕೇಳಿಸಿಕೊಂಡರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಕಲ್ಲು ಬಿಸಿನೀರಿನಿಂದ ಇನ್ನೂ ಬೆಚ್ಚಗಿತ್ತು. ಅಳು ಬಂತು, ಕಮಿಟಿಯವರ ಎದುರಿಗೆ ಅಳಬಾರದು ಅಂತ ಹಲ್ಲು ಕಚ್ಚಿದೆ.

ಅವತ್ತೇ ಕಾರಿನ ಬಾನೆಟ್ ಮೇಲೆ ಹಾಳೆಯಿಟ್ಟು ಬರೆದುಕೊಟ್ಟೆ. ನಾನು ಬರೆದದ್ದು ತಪ್ಪು. ಇವಳು ರಾಣಿಯಲ್ಲ, ಮಾಸ್ತಿಯಲ್ಲ. ಹೊಲದಲ್ಲಿ ದುಡಿದವಳು, ಕೂಸಿಗಾಗಿ ತೋಳದ ಜೊತೆ ಹೋರಾಡಿ ಸತ್ತವಳು. ಇವಳ ಬಗ್ಗೆ ಆಯಿಯ ಮನೆತನ ಹೇಳುವ ಮಾತಿಗೆ ಕಲ್ಲೇ ಸಾಕ್ಷಿ. ಸಹಿ ಹಾಕಿದೆ, ಗಿಡಕ್ಕೆ ಕಟ್ಟಿದ್ದ ಹಳೆಯ ಹಾಳೆಯನ್ನು ತಂತಿ ಸಮೇತ ಕಿತ್ತು ಕಾರಿನೊಳಗೆ ಎಸೆದೆ. ಹಿರಿಯರು ಹಾಳೆಯನ್ನು ಕೈಯಿಂದ ಕೈಗೆ ಸಾಗಿಸಿದರು. ಜಗಳಕ್ಕೆ ತಯಾರಾಗಿ ನಿಂತಿದ್ದೆ. ಬೀಗ ಹಾಕಿದರೆ ತಹಸೀಲ್ದಾರರ ಕಚೇರಿಯ ಮುಂದೆ ಕೂರುತ್ತೇನೆ ಅನ್ನುವ ಮಾತನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ.

ಜಗಳವೇ ಆಗಲಿಲ್ಲ. ಇಬ್ಬರೂ ಬೈಕು ಹತ್ತಿ ಹೋದರು. ಮರುದಿನ ಮಧ್ಯಾಹ್ನ ಆಯಿ ಫೋನ್ ಮಾಡಿ, ಬೋರ್ಡು ಇಳಿಸಿದರು, ಜಾಲರಿ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದರು ಅಂದರು. ನಂಬಲಾಗಲಿಲ್ಲ. ಸೆಕ್ರೆಟರಿಗೆ ಫೋನ್ ಹಚ್ಚಿದೆ. ತಪ್ಪು ಒಪ್ಪಿಕೊಂಡರಲ್ಲ, ಒಳ್ಳೆಯದಾಯಿತು ಅಂದೆ. ಅವನು ಸ್ವಲ್ಪ ಸಂಕೋಚದಿಂದ ನಕ್ಕ.

"ತಪ್ಪಲ್ರೀ ಮೇಡಂ. ಕೂಲಿ ಹೆಣ್ಣಮಗಳಿಗಿ ಗುಡಿ ಕಟ್ಟಾಕ ಪಟ್ಟಿ ರೊಕ್ಕ ಯಾರು ಕೊಡ್ತಾರ?"

ಫೋನನ್ನು ಗೋಡೆಗೆ ಬಡಿಯುವುದೊಂದು ಬಾಕಿ. ಇದಕ್ಕಿಂತ ಅವರು ಜಗಳವಾಡಿದ್ದರೆ ಚೆನ್ನಾಗಿತ್ತು. ಕೈಮುಗಿಯಲು ರಾಣಿಯೇ ಬೇಕು. ರಾಣಿಯಾದರೆ ಅವಳು ಊರಿನವಳು, ಆಯಿ ಹೊರಗೆ. ಕುಡಗೋಲು ಹಿಡಿದವಳಾದರೆ ಅವಳೂ ಆಯಿಯ ಜೊತೆ ಹೊರಗೆ, ಬಿಸಿಲಿಗೆ, ಮಳೆಗೆ. ನನ್ನ ಸತ್ಯ ಆಯಿಗೆ ಕಲ್ಲನ್ನು ಗೆದ್ದು ಕೊಡಲಿಲ್ಲ, ಕಮಿಟಿಯವರಿಗೆ ಬೇಡವಾದ್ದರಿಂದ ಆಯಿಯ ಪಾಲಿಗೆ ಉಳಿಯಿತು. ಆ ನಾಲ್ಕು ಸಿಮೆಂಟು ಕಂಬಗಳು ಇವತ್ತಿಗೂ ಹಾಗೇ ನಿಂತಿವೆ. ಹುಮನಾಬಾದ್ ಕಡೆ ಹೋಗುವಾಗಲೆಲ್ಲ ಅವನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತದೆ.

ಆಯಿಗೆ ಈ ಯಾವ ಉರಿಯೂ ಇರಲಿಲ್ಲ. ಅಮಾವಾಸ್ಯೆಯ ದಿನ ನನಗೂ ಅಬ್ಬಾನಿಗೂ ಬರಹೇಳಿದ್ದರು. ಬುಟ್ಟಿಯ ತುಂಬ ಸಜ್ಜೆ ರೊಟ್ಟಿ, ಭಜ್ಜಿ, ಕಡಬು. ಮೊದಲ ತುತ್ತು ಕಲ್ಲಿಗಿಟ್ಟು ಮಿಕ್ಕದ್ದನ್ನು ಹೊಲಕ್ಕೆ ಚೆಲ್ಲಿಕೊಂಡು ಹೋದರು. ಆಮೇಲೆ ನಮ್ಮನ್ನು ಎದುರಿಗೆ ಕೂರಿಸಿ ಬಡಿಸಿದರು. ಅಬ್ಬಾ ಎರಡು ರೊಟ್ಟಿ ಉಂಡು, ಭಜ್ಜಿಗೆ ಇನ್ನೊಮ್ಮೆ ಕೈಯೊಡ್ಡಿದರು.

ಇಷ್ಟಕ್ಕೆ ಮುಗಿಯಬೇಕಿತ್ತು. ಬೇಸಿಗೆ ಕಳೆದು ಕಾರಹುಣ್ಣಿಮೆ ಬಂತು. ಅವತ್ತು ಸಂಜೆ ಕಮಲಾಪುರಕ್ಕೆ ಹೋದದ್ದು ಬರಿಗಲ್ಲಿನ ಒಳ್ಳೆಯ ಫೋಟೊ ತೆಗೆಯಲು. ಹೊಸ ಲೇಖನಕ್ಕೆ ಬೇಕಿತ್ತು. ಹೋಗಿ ನೋಡಿದರೆ ಆಯಿ ಕಲ್ಲಿನ ಮುಂದೆ ಹಳದಿ ಬಣ್ಣದ ಡಬ್ಬಿ ಇಟ್ಟುಕೊಂಡು ಕೂತಿದ್ದಾರೆ. ಯಾರದೋ ಎತ್ತಿನ ಕೋಡಿಗೆ ಹಚ್ಚಿ ಉಳಿದದ್ದಂತೆ. ಆಯಿ, ಬೇಡ, ಇದೇ ಬಣ್ಣದಿಂದ ಅಲ್ಲವೇ ಅಷ್ಟೆಲ್ಲ ಆದದ್ದು, ಹೀಗೇ ಬಿಡಿ, ನೋಡಿದವರಿಗೆ ಅವಳು ಯಾರೆಂದು ತಿಳಿಯಲಿ ಅಂತ ದನಿ ಎತ್ತಿ ಹೇಳಿದೆ. ಸಿಟ್ಟೇ ಬಂದಿತ್ತು. ಇಷ್ಟು ಕಷ್ಟಪಟ್ಟು ತೆಗೆದ ಸಾಕ್ಷಿಯನ್ನು ಮತ್ತೆ ಮುಚ್ಚುವುದೆಂದರೆ!

ಆಯಿ ನನ್ನನ್ನು ಮುಗಿಯುವವರೆಗೆ ಬೈಯಗೊಟ್ಟರು.

"ಅಕಿ ಯಾರಂತ ನನಗ ಗೊತ್ತದ. ಬದುಕಿದ್ದಾಗ ಕೊಳ್ಳಾಗ ಏನೂ ಹಾಕ್ಕೊಂಡಿಲ್ಲ ಅಂತ ನೀವೇ ತೋರಿಸಿಕೊಟ್ರಿ. ಈಗರೆ ಹಾಕ್ಕೊಳ್ಳಲಿ."

ಹೇಳಿ, ತುದಿಗೆ ಬಟ್ಟೆ ಸುತ್ತಿದ ಕಡ್ಡಿಯನ್ನು ಬಣ್ಣದಲ್ಲಿ ಅದ್ದಿ ನನ್ನ ಕಡೆ ಚಾಚಿದರು. ತಮ್ಮ ಕೈ ಈಗ ನೆಟ್ಟಗೆ ನಿಲ್ಲುವುದಿಲ್ಲ ಅಂದರು. ಅದು ಸುಳ್ಳು, ಕಲ್ಲಿನ ಸ್ನಾನದ ದಿನ ಆ ಕೈ ನೋಡಿದ್ದೆ. ಕ್ಯಾಮೆರಾ ಬ್ಯಾಗನ್ನು ಬದುವಿನ ಮೇಲಿಟ್ಟೆ. ಹತ್ತಿರ ಹೋಗಿ ಮಂಡಿಯೂರಿ, ಎಡಗೈಯನ್ನು ಅವಳ ಹೆಗಲ ಮೇಲೆ ಊರಿ, ಕೊರಳಿಗೆ ಒಂದೆಳೆ ಎಳೆದೆ. ದೂರ ನಿಂತು ಬಣ್ಣ ಹಚ್ಚಲು ಬರುವುದಿಲ್ಲ.